ಹುಳಿಯ ಕಲೆಗೆ ನೀಲಿ ದಾರದ ಬೇಲಿ

ಬುದ್ಧ ಪೂರ್ಣಿಮೆಯ ಹಿಂದಿನ ಬೆಳಿಗ್ಗೆ ಅಮ್ಮ ನೀಲಿ ಅಂಚಿನ ಬಿಳಿ ಕಾಟನ್ ಸೀರೆಯನ್ನು ಹೇಗೆ ಕಾಣುತ್ತದೆಂದು ಉಟ್ಟು ನೋಡಿ, ಬಿಚ್ಚದೆ ಒಲೆಯ ಮುಂದೆಯೇ ವಂದನೆ ಓದುವ ಅಭ್ಯಾಸ ಮಾಡುತ್ತಿದ್ದಳು. ಮರುದಿನ ವಿಹಾರದಲ್ಲಿ ಮೊದಲ ಸಲ ಅವಳೇ ಮುಂದೆ ನಿಂತು ಓದಬೇಕಿತ್ತು. ಆ ದಿನ ಎಲ್ಲರೂ ಬಿಳಿ ಉಡುತ್ತಾರೆ; ಅಮ್ಮನ ಬಳಿ ಇದ್ದ ಒಳ್ಳೆಯ ಬಿಳಿ ಸೀರೆ ಅದೊಂದೇ. ಓದುತ್ತಲೇ ಪಾತ್ರೆ ಇಳಿಸಲು ಹೋಗಿ ಸೆರಗಿನ ಮೇಲೆ ಅಂಗೈಯಗಲ ಹುಳಿ ಚೆಲ್ಲಿಕೊಂಡಳು.

ನಾನು ಬರುವಷ್ಟರಲ್ಲಿ ಬಟ್ಟೆ ಸೋಪು ಉಜ್ಜಿಯಾಗಿತ್ತು. ಹಳದಿ ಕಲೆ ಇಟ್ಟಿಗೆಯಂತೆ ಕೆಂಪಾಗಿತ್ತು. ಅಮ್ಮನ ಮುಖ ಸಣ್ಣದಾಯಿತು. ಮಹಡಿಯ ಆಂಟಿ ಬ್ಲೀಚಿಂಗ್ ಪೌಡರ್ ಹಿಡಿದುಕೊಂಡೇ ಇಳಿದು ಬಂದರು. ನಾನು ಬೇಡವೆಂದೆ. ಯಾವ ಬಟ್ಟೆಗೆ ಏನು ಹಾಕಿದರೆ ಏನಾಯಿತು ಎಂದು ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಆ ಪೌಡರು ನಮ್ಮ ದಿಂಬಿನ ಕವರಿನಲ್ಲಿ ಕಲೆಯ ಜೊತೆಗೆ ಹೂಗಳನ್ನೂ ತೆಗೆದುಹಾಕಿತ್ತು. ಇಲ್ಲಿ ನೀಲಿ ಅಂಚು ಉಳಿಯುತ್ತಿರಲಿಲ್ಲ. ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತದೆ, ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಎಣ್ಣೆಯ ಜಿಡ್ಡು ಹೋದರೆ ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ.

"ನಾಳೆ ಹೊತ್ತಿಗೆ ಹೋಗ್ದಿದ್ರೆ?" ಎಂದಳು ಅಮ್ಮ.

"ಹೋಗುತ್ತೆ. ನೀನು ಓದ್ಕೊ ಹೋಗಮ್ಮ."

ಪಾತ್ರೆ ತೊಳೆಯುವ ಲಿಕ್ವಿಡ್ಡಿನಿಂದ ಜಿಡ್ಡು ತೆಗೆದು, ನೀರು ತಿಳಿಯಾಗುವವರೆಗೂ ಜಾಲಿಸಿದೆ. ಕಲೆ ಕುಗ್ಗುತ್ತಿದೆಯೋ ಇಲ್ಲವೋ ಎಂಬುದಕ್ಕೆ ಕಣ್ಣಂದಾಜನ್ನು ನಂಬುವವಳಲ್ಲ ನಾನು. ಗುರುತಿಗೆಂದು ಅದರ ಸುತ್ತ ನೀಲಿ ದಾರದಲ್ಲಿ ಸಡಿಲವಾಗಿ ಹೊಲಿಗೆ ಹಾಕಿದೆ.

ಜೋಗುಪಾಳ್ಯದ ನಮ್ಮ ಗಲ್ಲಿಯಲ್ಲಿ ಬಿಸಿಲು ನೆಲಕ್ಕೆ ಬೀಳುವುದೇ ಅಪರೂಪ. ಇದ್ದ ಒಂದು ತಾರಸಿಯ ತುಂಬ ಆಂಟಿಯ ಹಪ್ಪಳ. ಕಾಗೆ ಕಾಯುವುದಾದರೆ ಜಾಗ ಬಿಡುತ್ತೇನೆಂದರು ಆಂಟಿ. ಒಪ್ಪಿದೆ. ಸೆರಗನ್ನು ಒದ್ದೆ ಮಾಡಿ ಹರಡುವುದು, ಒಣಗಿದರೆ ಮತ್ತೆ ನೀರು ಚಿಮುಕಿಸುವುದು, ನೀರಿನ ಟ್ಯಾಂಕಿನ ನೆರಳು ಸರಿದಂತೆ ನಾನೂ ಸೀರೆಯೂ ಸರಿಯುವುದು. ಮಧ್ಯಾಹ್ನ ಹಲಸೂರು ಕೆರೆಯ ಕಡೆಯಿಂದ ಮೋಡ ಏರತೊಡಗಿದಾಗ ಹಪ್ಪಳಗಳನ್ನು ಆಂಟಿಗೆ ಬಿಟ್ಟು ಸೀರೆ ಎತ್ತಿಕೊಂಡೆ. ದಾರದೊಳಗೆ ಬರೀ ಬಿಳಿ. ಕೆಳಗಿನಿಂದ ಅಮ್ಮನ ಓದು ಕೇಳುತ್ತಿತ್ತು, ಒಂದೇ ಕಡೆ ತಡವರಿಸುತ್ತಿದ್ದಳು.

ಮರುದಿನ ವಿಹಾರದಲ್ಲಿ ಅಮ್ಮ ಎಲ್ಲೂ ತಡವರಿಸಲಿಲ್ಲ. ಅವಳು ಕೈಮುಗಿದಾಗ ಸೆರಗು ಮುಂದೆ ಬಂತು. ಎದೆಯ ಹತ್ತಿರ, ಅಚ್ಚ ಬಿಳಿಯ ಮೇಲೆ ಅಂಗೈಯಗಲದ ನೀಲಿ ಉಂಗುರ. ದಾರ ಬಿಚ್ಚುವುದನ್ನೇ ಮರೆತಿದ್ದೆ.

ಊಟದ ಸಾಲಿನಲ್ಲಿ ಪಕ್ಕದ ಅಜ್ಜಿಯೊಬ್ಬರು ಅದನ್ನು ಮುಟ್ಟಿ ನೋಡಿ, ಕಸೂತಿ ಚೆನ್ನಾಗಿದೆ, ಯಾರು ಹಾಕಿದ್ದು ಎಂದು ಕೇಳಿದರು.

"ನನ್ ಮಗ್ಳು," ಎಂದಳು ಅಮ್ಮ. ಬಡಿಸುವವರು ಹುಳಿ ತಂದರು. ಅವಳು ಸೆರಗನ್ನು ಮಡಚಿ ನನ್ನ ಮಡಿಲಲ್ಲಿಟ್ಟಳು. "ಗಟ್ಟಿಯಾಗಿ ಹಿಡ್ಕೊ ಕಣೇ. ಇವತ್ತು ಮೋಡ ಇದೆ."