ಇಟ್ಟಿಗೆ ಮೋರಿಯ ಮೇಲೆ ಹತ್ತಿದ ಭಾರ

ದೆವ್ವ, ಗಾಳಿ ಎಂದರೆ ನಾನು ನಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳುವುದಿಲ್ಲ. ಆದರೆ ಆದದ್ದನ್ನು ಆಗಲಿಲ್ಲವೆನ್ನುವ ಹೇಡಿತನವೂ ನನಗೆ ಬೇಡ.

ಎಂಬತ್ತರ ದಶಕದ ಕೊನೆ. ನಾನು ಹತ್ತನೇ ತರಗತಿಯಲ್ಲಿದ್ದೆ. ನಮ್ಮ ಹಳ್ಳಿಯಿಂದ ಪೆರೇಸಂದ್ರದ ಹೈಸ್ಕೂಲಿಗೆ ಅಣ್ಣನ ಹಳೆಯ ಸೈಕಲ್ ತುಳಿದು ಹೋಗುತ್ತಿದ್ದೆ. ಊರಲ್ಲಿ ಸೈಕಲ್ ಹತ್ತಿದ ಹುಡುಗಿ ನಾನೊಬ್ಬಳೇ. ದಾರಿಯಲ್ಲಿ ಕೆರೆಯ ಹೆಚ್ಚುವರಿ ನೀರು ಹರಿಯುವ ರಾಜಕಾಲುವೆ. ಅದರ ಮೇಲೆ ಮಹಾರಾಜರ ಕಾಲದ, ಗಾರೆ ಮೆತ್ತಿದ ಇಟ್ಟಿಗೆಯ ಸೇತುವೆ. ಇಟ್ಟಿಗೆ ಮೋರಿ ಎನ್ನುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಹೆಣ್ಣುಮಕ್ಕಳು ಅದನ್ನು ಒಂಟಿಯಾಗಿ ದಾಟಬಾರದೆಂದು ಊರೇ ಹೇಳುತ್ತಿತ್ತು. ಒಂದು ದಿನ ಹೆದರಿಕೊಂಡು ಬಂದರೂ ಸ್ಕೂಲು ಬಿಡಿಸುತ್ತೇನೆಂದು ಅಪ್ಪ ಮೊದಲೇ ಎಚ್ಚರಿಸಿದ್ದರು.

ಅಂದು ಸ್ಪೆಷಲ್ ಕ್ಲಾಸ್ ಮುಗಿಸಿ ಬರುವಾಗ ಹೊತ್ತು ಮುಳುಗಿತ್ತು. ಮೋರಿಯ ಏರು ಹತ್ತುತ್ತಿದ್ದಂತೆ ಕ್ಯಾರಿಯರ್ ಕಿರುಗುಟ್ಟಿತು, ಸೈಕಲ್ ಭಾರವಾಯಿತು. ಪಂಕ್ಚರ್ ಇರಬೇಕೆಂದುಕೊಂಡೆ. ಅಲ್ಲ. ತಂಗಿಯನ್ನು ಹಿಂದೆ ಕೂರಿಸಿಕೊಂಡಾಗ ಆಗುವ ಭಾರ ಅದು. ಅವಳು ಮಿಸುಕಿದಾಗ ಹ್ಯಾಂಡಲ್ ಅಲುಗುವಂತೆಯೇ ಅಲುಗಿತು.

ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಳಿದು ಓಡಿದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ತಿರುಗಿ ನೋಡದೆ, ಪೆಡಲ್ ಮೇಲೆ ನಿಂತು ತುಳಿಯುತ್ತ ಗಟ್ಟಿಯಾಗಿ ಹೇಳಿದೆ:

"ಕೂತ್ಕೋಬೇಕಾದ್ರೆ ಕೂತ್ಕೋ. ನಾನಂತೂ ಇಳಿಯಲ್ಲ. ನಾಳೆನೂ ಇದೇ ದಾರೀಲೇ ಬರ್ತೀನಿ."

ಮೋರಿ ದಾಟಿದ್ದೇ ತಡ, ಯಾರೋ ಧುಮುಕಿದಂತೆ ಸೈಕಲ್ ಹಗುರಾಗಿ ಮುಂದಕ್ಕೆ ಜಿಗಿಯಿತು. ನಿಲ್ಲಿಸಿ ನೋಡಿದೆ. ಯಾರೂ ಇರಲಿಲ್ಲ. ಟೈರಿನಲ್ಲಿ ಗಾಳಿ ಗಟ್ಟಿಯಾಗಿತ್ತು. ಚಳಿಗಾಲವಾದ್ದರಿಂದ ಹ್ಯಾಂಡಲ್ ತಣ್ಣಗಿತ್ತು. ಕ್ಯಾರಿಯರ್ ಮಾತ್ರ ಬೆಚ್ಚಗಿತ್ತು.

ಊರಬಾಗಿಲಲ್ಲಿ ಅಜ್ಜಿ ಕಾಯುತ್ತಿದ್ದಳು. ಮೋರಿ ಹತ್ತಿರ ಏನಾದರೂ ಆಯಿತೇ ಎಂದು ಕೇಳಿದಳು. ಚೈನ್ ಬಿದ್ದಿತ್ತು, ಹಾಕಿಕೊಂಡು ಬಂದೆ ಎಂದೆ. ಅವಳು ನನ್ನ ಕೈ ಹಿಡಿದು ನೋಡಿದಳು. ಮಸಿ ಇರಲಿಲ್ಲ. ಅಪ್ಪನಿಗೆ ಅವಳು ಏನೂ ಹೇಳಲಿಲ್ಲ.

ಮರುದಿನವೂ ಹೋದೆ. ಪರೀಕ್ಷೆ ಮುಗಿಯುವವರೆಗೂ ಹೋದೆ. ಮತ್ತೆಂದೂ ಹಾಗಾಗಲಿಲ್ಲ. ನಾನು ಪಾಸಾದ ಸುದ್ದಿ ಬಂದ ದಿನ ಅಜ್ಜಿ ನನ್ನ ತಲೆ ಬಾಚುತ್ತ ಮೆಲ್ಲಗೆ ಕೇಳಿದಳು:

"ಅವತ್ತು ತುಂಬಾ ಭಾರ ಇತ್ತೇನಮ್ಮ?"

ಭಾರದ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಗೆ ಗೊತ್ತು ಎಂದರೆ ಜಡೆಯನ್ನು ಬಿಗಿಯಾಗಿ ಎಳೆದು, ನೆಟ್ಟಗೆ ಕೂತುಕೋ ಎಂದಳಷ್ಟೆ.

ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ. ನಿಮ್ಮಲ್ಲಿದ್ದರೆ ಹೇಳಿ, ಕೇಳುತ್ತೇನೆ. ಹುಡುಗಿಯ ಭ್ರಮೆ ಎಂದು ಮಾತ್ರ ಅನ್ನಬೇಡಿ. ತುಳಿದವಳು ನಾನು.