ನಿಂತೇ ಕೊಟ್ಟ ಸಂದರ್ಶನ

“ಕುಂದರ್ರಿ” ಎಂದು ಪ್ರಿನ್ಸಿಪಾಲರು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ಮೇಜಿನ ಆಚೆ ಕುಳಿತಿದ್ದ ಆಡಳಿತ ಮಂಡಳಿಯ ಮೂವರಲ್ಲಿ ಒಬ್ಬರು ನನ್ನ ಗಂಡನ ಕಾಕಾ. ಮೂಡಲಗಿಯ ಕಾಕಾ ಈ ಕಾಲೇಜಿನ ಮಂಡಳಿಯಲ್ಲಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಹುಕ್ಕೇರಿಯ ನಮ್ಮ ಮನೆಯಲ್ಲಿ ಹಿರಿಯರ ಎದುರು ಸೊಸೆಯರು ಕುರ್ಚಿಯ ಮೇಲೆ ಕೂರುವ ಪದ್ಧತಿಯಿಲ್ಲ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪುಣೆಗೆ ಹೋಗಿ ಗಣಿತದಲ್ಲಿ ಎಂ.ಎ. ಮುಗಿಸಿದ್ದೆ. ಆದರೂ ಕೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು.

ಕೇಳಿದ್ದಕ್ಕೆಲ್ಲ ನಿಂತೇ ಉತ್ತರ ಕೊಟ್ಟೆ. ಕಿಟಕಿಯಾಚೆ ಖಾಲಿ ತರಗತಿಯ ಕರಿಹಲಗೆ ಕಾಣುತ್ತಿತ್ತು. ಅದನ್ನೇ ನೋಡುತ್ತ ಹೇಳಿದೆ. ಒಂದೂ ತಪ್ಪಲಿಲ್ಲ. ಕೊನೆಗೆ ಮಂಡಳಿಯ ಇನ್ನೊಬ್ಬರು ನನ್ನ ಸೆರಗನ್ನೂ ಕಾಕಾರನ್ನೂ ನೋಡಿ ನಕ್ಕು, “ಒಬ್ಬ ಹಿರ್ಯಾರ ಮುಂದ ಕುಂದರಾಕ ಅಂಜೂ ಹೆಣ್ಮಗಳು ನಲವತ್ತ ಹುಡುಗರಿಗೆ ಹೆಂಗ ಕಲಿಸ್ತಾಳ್ರಿ?” ಎಂದರು.

“ಪಾಠ ನಿಂತ ಹೇಳೂದಲ್ಲೇನ್ರಿ?” ಎಂದೆ.

ಕಾಕಾ ಎದುರಿನ ಕಾಗದದಿಂದ ತಲೆ ಎತ್ತಲೇ ಇಲ್ಲ. ನನ್ನ ನಂತರ ಒಳಗೆ ಹೋಗಿ ಆ ಕುರ್ಚಿಯಲ್ಲಿ ಕುಳಿತ ಗಂಡಸಿಗೆ ಕೆಲಸ ಸಿಕ್ಕಿತು. ಅವರು ಇನ್ನೂ ಎಂ.ಎ. ಪರೀಕ್ಷೆಗೆ ಕಟ್ಟಿಯೂ ಇರಲಿಲ್ಲ.

ಮೊನ್ನೆ ಕಾಕಾ ಹುಕ್ಕೇರಿಗೆ ಬಂದಿದ್ದರು. ನೀರು ಕೊಟ್ಟು ಎಂದಿನಂತೆ ಗೋಡೆಯ ಪಕ್ಕ ನಿಂತೆ. ಅವರು ತಮ್ಮ ಪಕ್ಕದ ಕುರ್ಚಿ ತೋರಿಸಿ, “ಈಗರ ಕುಂದ್ರವಾ” ಎಂದರು. ಕುಳಿತೆ. ಆ ಕರಿಹಲಗೆಯ ಮುಂದೆ ಒಂದೇ ಒಂದು ತಾಸು ನಿಲ್ಲಬೇಕೆಂಬ ಆಸೆ, ಕುಳಿತ ಮೇಲೂ ಹೋಗಲಿಲ್ಲ.