ಅವ್ವನ ನರಳಾಟದ ನಕಲು

ನಾಸಿಕ್ ಊರಿನ ಆಸ್ಪತ್ರೆಯಲ್ಲಿ ಅವ್ವನ ಸಲೈನ್ ಅರ್ಧಕ್ಕೇ ನಿಂತದ್ದು ನನ್ನ ಕೆಟ್ಟ ಬಾಯಿಯಿಂದ. ವರ್ಷಗಟ್ಟಲೆ ಮೈತುಂಬ ನೋವುಂಡವಳಿಗೆ ನೋವು ಮರಗಟ್ಟಿಸುವ ಔಷಧವನ್ನು ಅದರಲ್ಲಿ ಹನಿಹನಿಯಾಗಿ ಬಿಡುತ್ತಿದ್ದರು. ಅದಕ್ಕೆಂದೇ ಸಂಭಾಜಿನಗರದಿಂದ ಬಸ್ಸಿನಲ್ಲಿ ಕುಲುಕುತ್ತ ಬಂದಿದ್ದೆವು.

ನಾಲಿಗೆ ಜುಮ್ಮೆಂದರೂ ಕೂಗಿ, ಔಷಧ ಹೆಚ್ಚಾಯಿತೆಂದು ಅರ್ಥ, ತಕ್ಷಣ ನಿಲ್ಲಿಸಬೇಕು ಎಂದು ಸಿಸ್ಟರ್ ಮರಾಠಿಯಲ್ಲಿ ಹೇಳಿ ಪರದೆಯಾಚೆ ಕುಳಿತರು. ಮರಾಠಿ ಬಾರದ ಅವ್ವನಿಗೆ ನಾನು ಅದನ್ನು ಕನ್ನಡದಲ್ಲಿ ಹೇಳಿದೆ, ಅವಳ ಮುಖ ಬಾಡಿತು. ನಗಿಸೋಣವೆಂದು, ಅವಳು ದಿನಾ ಹಾಸಿಗೆಯಿಂದ ಏಳುವಾಗ ನರಳುವುದನ್ನು ಅವಳದೇ ದನಿಯಲ್ಲಿ ಮಾಡಿ ತೋರಿಸಿದೆ: "ಅಯ್ಯ ಶಿವನೇ, ಸತ್ತೆನೆಪ್ಪಾ!"

ಪಾಪ, ಸಿಸ್ಟರ್ ಓಡಿಬಂದು ಹನಿ ನಿಲ್ಲಿಸಿಯೇಬಿಟ್ಟರು. ನರಳಿದ್ದು ನಾನೆಂದು ತಿಳಿದ ಮೇಲೆ, ನನ್ನನ್ನು ದುರುಗುಟ್ಟಿ ನೋಡಿ, ಅವ್ವನ ನಾಡಿ ನೋಡಿ, ಮತ್ತೆ ಶುರು ಮಾಡಿದರು. ಏನಾದರೂ ಬೇಕೇ ಎಂದು ಅವ್ವನನ್ನು ಕೇಳಿದರು.

ಅವ್ವ ನನ್ನತ್ತ ತಿರುಗಿದಳು. "ಮರಾಠಿದಾಗ ಹೇಳು ಅವರಿಗಿ, ಇದರಾಗಿಂದು ಒಂದೀಟು ನಿನ್ನ ನಾಲಿಗಿಗೂ ಬಿಡ್ರಿ ಅಂತ."